ಎಲುಬು ಹೀಗೇಕಾಯಿತು ಎಂದು ಮೊದಲು ಕೇಳು

ತಂಗಿ, ಕಮಲಾಪುರದಲ್ಲಿ ಕ್ಲಿನಿಕ್ ಹಾಕಿದ್ದೀ ಎಂದು ಕೇಳಿ ಸಂತೋಷವಾಯಿತು. ಹೊಸ ತಾಲೂಕು, ಹುಮನಾಬಾದ್ ರಸ್ತೆಯ ಮೇಲಿನ ಊರು. ಸುತ್ತಲಿನ ಹಳ್ಳಿಯವರು ಹಲ್ಲುನೋವು ಬಂದಾಗಲೆಲ್ಲ ಇನ್ನು ಮಹಾಗಾಂವ ಕ್ರಾಸ್ ದಾಟಿ ಕಲಬುರಗಿಗೆ ಓಡಬೇಕಿಲ್ಲ. ಹುಳುಕು ತುಂಬುವುದು, ಹಲ್ಲು ಕೀಳುವುದು, ರೂಟ್ ಕೆನಾಲ್, ಕ್ಯಾಪ್ ಇವನ್ನೆಲ್ಲ ನಿನಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಹೇಳಹೊರಟಿದ್ದು ಇಂಪ್ಲಾಂಟಿನ ವಿಷಯ. ಬೋರ್ಡಿನ ಮೇಲೆ ಆ ಹೆಸರು ಬಿದ್ದ ಮೇಲೆ ಜನ ಬರುತ್ತಾರೆ. "ಡಾಕ್ಟರಮ್ಮ, ತೆಗೆದಿಡೋ ಸೆಟ್ ಬ್ಯಾಡ್ರಿ, ಸ್ಕ್ರೂ ಹಲ್ಲು ಕೂಡಸ್ರಿ" ಎನ್ನುತ್ತಾರೆ. ಎಲುಬು ಗಟ್ಟಿಯಾಗಿ, ಅಗಲವಾಗಿ ಇದ್ದವರ ಚಿಂತೆ ನನಗಿಲ್ಲ. ದವಡೆ ಸವೆದವರು, ಅದರೊಳಗೆ ಕಾಯಿಲೆ ಇಟ್ಟುಕೊಂಡವರು, ಹುಟ್ಟಿನಿಂದಲೇ ಸರಿಯಾಗಿ ಬೆಳೆಯದವರು ಬರುತ್ತಾರಲ್ಲ, ಅವರ ಬಾಯಿಗೆ ಡ್ರಿಲ್ ಇಡುವ ಮುಂಚೆ ನನ್ನ ನಾಲ್ಕು ಮಾತು ಕೇಳು.

ಮುಖ್ಯ ಮಾತು ಒಂದೇ: ಎಲುಬು ಎಷ್ಟಿದೆ ಎಂದು ಅಳೆಯುವ ಮೊದಲು, ಅದು ಹೀಗೇಕಾಯಿತು ಎಂದು ಕೇಳು. ಸ್ಕ್ಯಾನಿನಲ್ಲಿ ಮೂವರಿಗೂ 5 ಮಿಲಿಮೀಟರ್ ಎಲುಬೇ ಕಾಣಬಹುದು. ಒಬ್ಬರಿಗೆ ಹಲ್ಲು ಕಿತ್ತು ಹತ್ತು ವರ್ಷವಾಗಿ ಎಲುಬು ಕರಗಿದೆ. ಇನ್ನೊಬ್ಬರಿಗೆ ಬಾಯಿ ಕ್ಯಾನ್ಸರಿಗೆಂದು ಕರೆಂಟ್, ಅಂದರೆ ರೇಡಿಯೇಷನ್, ಕೊಟ್ಟಿದ್ದಾರೆ. ಮೂರನೆಯವನು ಹದಿನಾಲ್ಕರ ಹುಡುಗ, ಹಲ್ಲೇ ಮೂಡದ್ದರಿಂದ ಅಲ್ಲಿ ಎಲುಬೂ ಬೆಳೆದಿಲ್ಲ. ಮೊದಲನೆಯವರಿಗೆ ಎಲುಬು ಕೂಡಿಸಿ ಇಂಪ್ಲಾಂಟ್ ಹಾಕಬಹುದು. ಎರಡನೆಯವರನ್ನು ಮುಟ್ಟುವ ಮೊದಲು ಅವರ ಕ್ಯಾನ್ಸರ್ ಡಾಕ್ಟರ ಜೊತೆ ಮಾತಾಡಬೇಕು. ಹುಡುಗ ಬೆಳೆಯುವತನಕ ಕಾಯಬೇಕು. ಅಳತೆಯನ್ನು ಮಷಿನ್ ಹೇಳುತ್ತದೆ, ಕಾರಣವನ್ನು ನೀನೇ ಕೇಳಿ ತಿಳಿಯಬೇಕು.

ಅಸಹಜ ದವಡೆ ಎಂದೊಡನೆ ಹೆದರಿ ಕೈಬಿಡು ಎನ್ನುತ್ತಿಲ್ಲ. ಈ ವಿದ್ಯೆ ಮೊದಲು ಕೈಗೆ ಬಂದಿದ್ದೇ ಅಂಥ ಬಾಯಿಯಲ್ಲಿ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1952ರಲ್ಲಿ ಎಲುಬಿನೊಳಗಿನ ರಕ್ತಸಂಚಾರ ನೋಡಲು ಮೊಲದ ಕಾಲಿಗೆ ಟೈಟಾನಿಯಂ ಸಾಧನ ಕೂರಿಸಿದ್ದರು. ಕೆಲಸ ಮುಗಿಸಿ ತೆಗೆಯಹೋದರೆ ಅದು ಎಲುಬಿಗೆ ಕಚ್ಚಿಕೊಂಡು ಬರಲೇ ಇಲ್ಲ. ಮನುಷ್ಯರಲ್ಲಿ ಇಂಥ ಟೈಟಾನಿಯಂ ಇಂಪ್ಲಾಂಟನ್ನು ಮೊದಲು ಬಾಯಿಗೆ ಹಾಕಿಸಿಕೊಂಡವರು 1965ರಲ್ಲಿ ಗೋಥೆನ್‌ಬರ್ಗಿನ ಯೋಸ್ಟಾ ಲಾರ್ಸನ್. ಸೀಳು ಅಂಗುಳ, ಸೊಟ್ಟಗೆ ಬೆಳೆದ ದವಡೆ, ಕೆಳಗೆ ಹಲ್ಲೇ ಇಲ್ಲ, ಊಟಕ್ಕೂ ಮಾತಿಗೂ ತೊಂದರೆ. 2006ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ 40 ವರ್ಷಕ್ಕೂ ಹೆಚ್ಚು ಕಾಲ ಅವರ ಬಾಯಲ್ಲಿ ಆ ಇಂಪ್ಲಾಂಟ್ ನಿಂತಿತ್ತು. ಮೊಲದಿಂದ ಮನುಷ್ಯನ ಬಾಯಿಗೆ ಬರಲು ಬ್ರೋನೆಮಾರ್ಕ್ 13 ವರ್ಷ ತೆಗೆದುಕೊಂಡರು ಎಂಬುದನ್ನೂ ಮರೆಯಬೇಡ. ಕೆಟ್ಟ ದವಡೆಗೆ ಹಲ್ಲು ಕೂಡಿಸುವವರಿಗೆ ಧೈರ್ಯವೂ ಬೇಕು, ತಾಳ್ಮೆಯೂ ಬೇಕು.

ನಿನ್ನ ಕುರ್ಚಿಗೆ ಬರುವವರಲ್ಲಿ ಹೆಚ್ಚಿನವರದು ರೋಗ ಬಂದ ಎಲುಬಲ್ಲ, ಕೆಲಸವಿಲ್ಲದೆ ಕರಗಿದ ಎಲುಬು. ಹಲ್ಲು ಕಿತ್ತ ಒಂದು ವರ್ಷದೊಳಗೆ ಆ ಜಾಗದ ಅಗಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಅದರಲ್ಲೂ ಬಹುಪಾಲು ಮೊದಲ 3 ತಿಂಗಳಲ್ಲೇ. ನಮ್ಮ ಕಡೆಯವರು ಹಲ್ಲು ಕೀಳಿಸಿಕೊಂಡು "ಮುಂದ ನೋಡೋಣ್ರಿ" ಎಂದು ಹೋದರೆ, ತೊಗರಿ ರಾಶಿ, ಮಗಳ ಮದುವೆ, ಮಗನ ಕಾಲೇಜು ಎಲ್ಲ ಮುಗಿದ ಮೇಲೆಯೇ ತಿರುಗಿ ಬರುವುದು. ಹಾಗಾಗಿ ಇಂಪ್ಲಾಂಟಿನ ಕೆಲಸ ನೀನು ಹಲ್ಲು ಕೀಳುವ ದಿನವೇ ಶುರುವಾಗುತ್ತದೆ. ಕೆನ್ನೆಯ ಕಡೆಯ ತೆಳು ಎಲುಬಿನ ಗೋಡೆ ಮುರಿಯದಂತೆ ನಿಧಾನಕ್ಕೆ ಸಡಿಲಿಸಿ ತೆಗೆ. ಬೇರು ಬಿಡಿಬಿಡಿಯಾಗಿ ಕತ್ತರಿಸಬೇಕಾದರೆ ಕತ್ತರಿಸು. ಕುಳಿಗೆ ಎಲುಬಿನ ಪುಡಿ ತುಂಬಿಸಿ ಕಾಪಾಡಿಕೊಳ್ಳುವ ಅನುಕೂಲ ಅವರಿಗಿದ್ದರೆ ಅದನ್ನೂ ಹೇಳು. ಅನುಕೂಲವಿಲ್ಲದಿದ್ದರೂ, ತಡಮಾಡಿದಷ್ಟು ಎಲುಬು ಕಡಿಮೆಯಾಗುತ್ತದೆ ಎಂಬ ಮಾತನ್ನು ಕಿವಿಗೆ ಹಾಕಿ ಕಳಿಸು.

ಬಹಳ ವರ್ಷ ಹಲ್ಲಿಲ್ಲದ ಅಜ್ಜಿಯೊಬ್ಬರು ಬಂದರೆ ಮೊದಲು ಬೆರಳಿನಿಂದ ನೋಡು, ಆಮೇಲೆ ಸ್ಕ್ಯಾನ್. ಕೆಳದವಡೆಯ ಒಸಡಿನ ಏಣಿನ ಮೇಲೆ ತೋರುಬೆರಳನ್ನು ಹಿಂದಿನಿಂದ ಮುಂದಕ್ಕೆ ಎಳೆ. ಕೆಲವರದು ಹರಿತವಾಗಿ ಬೆರಳಿಗೆ ತಾಗುತ್ತದೆ, ಕೆಲವರಲ್ಲಿ ಏಣೇ ಇರುವುದಿಲ್ಲ, ಬೆರಳ ಕೆಳಗೆ ಬರೀ ಮೆತ್ತನೆಯ ಒಸಡು ಅತ್ತಿತ್ತ ಜಾರುತ್ತದೆ. ಕೋರೆಹಲ್ಲಿನ ಹಿಂದೆ ಹಲ್ಲುಗಳಿದ್ದ ಜಾಗಕ್ಕೆ ಬಂದಾಗ ಸ್ವಲ್ಪ ಒತ್ತು. "ಹಾಯ್!" ಎಂದು ಅವರು ಮುಖ ಹಿಂದಕ್ಕೆ ಎಳೆದುಕೊಂಡು, ತುಟಿತನಕ ಝುಮ್ ಅಂತು ಎಂದರೆ ತಿಳಿದುಕೋ: ಎಲುಬು ಇಳಿದು ಇಳಿದು, ಗದ್ದಕ್ಕೆ ಹೋಗುವ ನರ ಈಗ ಒಸಡಿನ ಕೆಳಗೇ ಬಂದು ನಿಂತಿದೆ. ಹಳೆಯ ಸೆಟ್ ಹಾಕಿಕೊಂಡಾಗಲೆಲ್ಲ ನೋವು ಎನ್ನುತ್ತಿದ್ದುದು ಇದರಿಂದಲೇ. ಇಂಥವರಿಗೆ ಓಪಿಜಿ ಎಕ್ಸ್‌ರೇ ಒಂದನ್ನೇ ನಂಬಬೇಡ. ಅದರಲ್ಲಿ ಉದ್ದ ದೊಡ್ಡದಾಗಿ ಕಾಣುತ್ತದೆ, ಅಗಲ ಕಾಣುವುದೇ ಇಲ್ಲ. ಸಿಬಿಸಿಟಿ ಸ್ಕ್ಯಾನ್ ಮಾಡಿಸಿ, ಒಂದೊಂದೇ ಸೀಳು ಸರಿಸಿ ನರದ ಕಾಲುವೆಯನ್ನು ಗುರುತು ಮಾಡು. ಇಂಪ್ಲಾಂಟಿನ ತುದಿಗೂ ಅದಕ್ಕೂ ಕನಿಷ್ಠ 2 ಮಿಲಿಮೀಟರ್ ಬಿಡು. ನರಕ್ಕೆ ಪೆಟ್ಟಾದರೆ ತುಟಿ ಮರಗಟ್ಟುತ್ತದೆ. ಚಹಾ ಗದ್ದದ ಮೇಲೆ ಹರಿದರೂ ಅವರಿಗೆ ಗೊತ್ತಾಗುವುದಿಲ್ಲ.

ಆ ಅಜ್ಜಿಗೆ ಬಾಯಿ ತುಂಬ ಇಂಪ್ಲಾಂಟ್ ಬೇಕಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು. ಹಿಂದೆ ಎಲುಬು ಕರಗಿದ್ದರೂ ಮುಂಭಾಗದಲ್ಲಿ, ಎರಡು ನರಗಳ ನಡುವೆ ಸಾಮಾನ್ಯವಾಗಿ ಒಂದಿಷ್ಟು ಗಟ್ಟಿ ಎಲುಬು ಉಳಿದಿರುತ್ತದೆ. ಅಲ್ಲಿ ಎರಡೇ ಇಂಪ್ಲಾಂಟ್ ಹಾಕಿ, ಅದಕ್ಕೆ ಗುಂಡಿಯಂತೆ ಕಚ್ಚಿಕೊಳ್ಳುವ ಸೆಟ್ ಕೊಟ್ಟರೆ ರೊಟ್ಟಿ ಅಗಿಯುವಾಗ ಕೆಳಗಿನ ಸೆಟ್ ಎದ್ದು ಬರುವುದಿಲ್ಲ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆಯೇ ಇದಾಗಬೇಕು ಎಂದರು. ಅಷ್ಟೂ ಆಗದ ಬಡವರಿಗೆ ಸಾದಾ ಸೆಟ್ ಇದ್ದೇ ಇದೆ. ರಾಜ್ಯದಲ್ಲಿ ಬಡ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತ ಸೆಟ್ ಕೊಡುವ 'ದಂತ ಭಾಗ್ಯ' ಯೋಜನೆ ಬಂದಿದೆ. ಸೇಡಂ ರಸ್ತೆಯ ನಿಜಲಿಂಗಪ್ಪ ದಂತ ಕಾಲೇಜಿನಲ್ಲೋ ಅಲ್-ಬದರ್ ಕಾಲೇಜಿನಲ್ಲೋ ವಿಚಾರಿಸಿ, ಏನೇನು ಕಾಗದ ಬೇಕು ಎಂದು ಬರೆದಿಟ್ಟುಕೊಂಡಿರು. ರೊಕ್ಕವಿಲ್ಲದವರನ್ನು ಬರಿಗೈಯಲ್ಲಿ ಕಳಿಸಬೇಡ.

ಮೇಲ್ದವಡೆಯ ಕಷ್ಟ ಬೇರೆ. ಎಲುಬಿನ ಗಟ್ಟಿತನವನ್ನು ಲೆಕ್‌ಹೋಮ್ ಮತ್ತು ಝಾರ್ಬ್ 1985ರಲ್ಲಿ ನಾಲ್ಕು ತರಗತಿ ಮಾಡಿದ್ದನ್ನು ಪರೀಕ್ಷೆಗೆ ಓದಿದ್ದೀ. ಕೈಗೆ ಅದು ಹೀಗೆ ತಿಳಿಯುತ್ತದೆ: ಕೆಳದವಡೆಯ ಮುಂಭಾಗ ಬೇವಿನ ಕಟ್ಟಿಗೆ, ಮೇಲ್ದವಡೆಯ ಹಿಂಭಾಗ ಜೋಳದ ದಂಟು. ಮೇಲೊಂದು ತೆಳು ಪದರ ದಾಟಿದೊಡನೆ ಒಳಗೆ ಡ್ರಿಲ್ಲಿಗೆ ತಡೆಯೇ ಇಲ್ಲ. ಅಲ್ಲಿ ಕೊರೆಯುವ ತೂತು ಇಂಪ್ಲಾಂಟಿಗಿಂತ ಸ್ವಲ್ಪ ಸಣ್ಣದಿರಲಿ, ಕೂಡಿಕೊಳ್ಳಲು ಹೆಚ್ಚು ತಿಂಗಳು ಬಿಡು, ಅದೇ ದಿನ ಹಲ್ಲು ಕೊಡುತ್ತೇನೆ ಎಂಬ ಆಸೆ ಹಚ್ಚಬೇಡ. ಮೇಲೆ ಕೆನ್ನೆಯೊಳಗಿನ ಗಾಳಿಗೂಡು, ಅಂದರೆ ಸೈನಸ್, ಹಲ್ಲು ಹೋದ ಮೇಲೆ ಕೆಳಕ್ಕೆ ಇಳಿದಿರುತ್ತದೆ. 6–7 ಮಿಲಿಮೀಟರ್ ಎಲುಬಿದ್ದರೆ ಒಳಗಿನಿಂದಲೇ ಸೈನಸ್ಸಿನ ಪೊರೆಯನ್ನು ಮೆಲ್ಲಗೆ ಎತ್ತಬಹುದು. 4ಕ್ಕಿಂತ ಕಡಿಮೆಯಿದ್ದರೆ ಪಕ್ಕದಲ್ಲಿ ಕಿಟಕಿ ತೆರೆದು ಎಲುಬಿನ ಪುಡಿ ತುಂಬಿ, ಆರೆಂಟು ತಿಂಗಳು ಕಾಯಬೇಕು. ಎಲುಬು ಪೂರ್ತಿ ಹೋದವರಿಗೆ ಕೆನ್ನೆಯ ಗಟ್ಟಿ ಎಲುಬಿಗೇ ಹಾಕುವ ಉದ್ದದ ಇಂಪ್ಲಾಂಟ್ ಇದೆ, 30ರಿಂದ 50 ಮಿಲಿಮೀಟರ್ ಉದ್ದ, ಕಣ್ಣುಗೂಡಿನ ಪಕ್ಕದಲ್ಲೇ ಹಾದುಹೋಗುತ್ತದೆ. ಅದು ನಿನ್ನ ಕ್ಲಿನಿಕ್ಕಿನ ಕೆಲಸವಲ್ಲ, ಅರಿವಳಿಕೆ ಡಾಕ್ಟರು, ಶಸ್ತ್ರಚಿಕಿತ್ಸಕರು ಇರುವಲ್ಲಿಯದು.

ಈಗ ಬಾಯಿಗಿಂತ ಮೊದಲು ಕಾಗದ ನೋಡಬೇಕಾದವರ ಮಾತು. ನಮ್ಮ ಜನ ಹಲ್ಲಿನ ಡಾಕ್ಟರಿಗೆ ಬೇರೆ ರೋಗದ ಸುದ್ದಿ ಹೇಳುವುದಿಲ್ಲ. ಹಲ್ಲಿಗೂ ಅದಕ್ಕೂ ಏನು ಸಂಬಂಧ ಎಂದುಕೊಂಡಿರುತ್ತಾರೆ. "ರೇಡಿಯೇಷನ್ ಆಗಿದೆಯಾ" ಎಂದರೆ ಇಲ್ಲ ಎನ್ನುತ್ತಾರೆ. "ಗಂಟಲಿಗೆ, ಬಾಯಿಗೆ ಕರೆಂಟ್ ಕೊಡ್ಸೀರೇನು?" ಎಂದು ಕೇಳು. ಕಲಬುರಗಿಯ ಕಿದ್ವಾಯಿ ಕೇಂದ್ರವಿರಲಿ, ಸೋಲಾಪುರ, ಬಾರ್ಶಿ, ಹೈದರಾಬಾದ್ ಎಲ್ಲಿ ಕೊಡಿಸಿದ್ದರೂ ಡೋಸಿನ ಕಾಗದ ತರಿಸು. ಕಿರಣ ಬಿದ್ದ ಎಲುಬಿನಲ್ಲಿ ರಕ್ತನಾಳ ಕುಗ್ಗಿರುತ್ತವೆ, ಗಾಯ ಮಾಯುವ ಶಕ್ತಿ ಹೋಗಿರುತ್ತದೆ. ಆ ಜಾಗಕ್ಕೆ 60 ಗ್ರೇ ಸುತ್ತಮುತ್ತ ಬಿದ್ದಿದ್ದರೆ ಎಲುಬು ಕೊಳೆಯುವ ಅಪಾಯ ದೊಡ್ಡದು, ವರ್ಷಗಳು ಕಳೆದವು ಎಂದು ಅದು ಹೋಗುವುದಿಲ್ಲ. ಇಂಪ್ಲಾಂಟ್ ಬಿಡು, ಅಲ್ಲಿ ಹಲ್ಲು ಕೀಳುವುದನ್ನೂ ಒಬ್ಬಳೇ ಮಾಡಬೇಡ.

ಹಾಗೆಯೇ ಎಲುಬು ಸವೆತದ ಔಷಧಿ. "ವಾರಕ್ಕೊಂದು ಗುಳಿಗೆ ಹಸಿದ ಹೊಟ್ಟೀಲೆ ನುಂಗಿ, ಅರ್ಧ ತಾಸು ಮಲಗಬ್ಯಾಡ್ರಿ ಅಂದಾರೇನು?" "ವರ್ಷಕ್ಕೊಮ್ಮೆ ಸಲೈನ್‌ದಾಗ ಎಲುಬಿನ ಇಂಜೆಕ್ಷನ್ ಹಾಕ್ತಾರೇನು?" "ಆರು ತಿಂಗಳಿಗೊಮ್ಮೆ ಹೊಟ್ಟಿಗೋ ತೋಳಿಗೋ ಸೂಜಿ?" ಈ ಮೂರು ಪ್ರಶ್ನೆ ಬಾಯಿಪಾಠ ಮಾಡಿಕೋ. ಮೊದಲನೆಯದು ಅಲೆಂಡ್ರೊನೇಟ್, ಎರಡನೆಯದು ಝೊಲೆಡ್ರೊನಿಕ್ ಆಮ್ಲ, ಮೂರನೆಯದು ಡೆನೊಸುಮಾಬ್. ಇವು ಎಲುಬು ಕರಗುವುದನ್ನು ನಿಲ್ಲಿಸುತ್ತವೆ. ಹಳೆಯದನ್ನು ಕರಗಿಸಿ ಹೊಸದನ್ನು ಕಟ್ಟುವ ದವಡೆಯ ದಿನನಿತ್ಯದ ದುರಸ್ತಿಯೂ ಅದರೊಂದಿಗೆ ನಿಧಾನವಾಗುತ್ತದೆ. ಝೊಲೆಡ್ರೊನಿಕ್ ಆಮ್ಲದಂಥ ಔಷಧಿಯವರಲ್ಲಿ ದವಡೆಯ ಎಲುಬು ಸತ್ತು ಹೊರಗೆ ಕಾಣುತ್ತದೆ ಎಂದು ಅಮೆರಿಕದ ರಾಬರ್ಟ್ ಮಾರ್ಕ್ಸ್ 2003ರಲ್ಲಿ ಮೊದಲು ಎಚ್ಚರಿಸಿದರು. ಕ್ಯಾನ್ಸರ್ ಎಲುಬಿಗೆ ಹರಡಿ ತಿಂಗಳು ತಿಂಗಳು ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಇಂಪ್ಲಾಂಟ್ ಬೇಡವೇ ಬೇಡ. ಎಲುಬು ಸವೆತಕ್ಕೆ ಗುಳಿಗೆ ನುಂಗುವವರಲ್ಲಿ ಅಪಾಯ ಕಡಿಮೆ. ತಿಳಿಸಿ ಹೇಳಿ, ಒಪ್ಪಿಗೆ ಬರೆಸಿಕೊಂಡು, ಎಚ್ಚರದಿಂದ ಮಾಡಬಹುದು. ನೀನಾಗಿ ಮಾತ್ರ ಔಷಧಿ ನಿಲ್ಲಿಸಬೇಡ. ಡೆನೊಸುಮಾಬ್ ತಟ್ಟನೆ ನಿಂತರೆ ಬೆನ್ನೆಲುಬು ಮುರಿಯುವುದುಂಟು. ಬರೆದುಕೊಟ್ಟ ಡಾಕ್ಟರಿಗೇ ಫೋನ್ ಮಾಡು.

ಇನ್ನು ಗುಟ್ಕಾದವರ ಮಾತು. ಕರ್ನಾಟಕದಲ್ಲಿ ಅದು 2013ರಲ್ಲೇ ನಿಷೇಧವಾಯಿತು. ಆದರೆ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿ, ಎರಡನ್ನೂ ಅಂಗೈಯಲ್ಲಿ ಕೂಡಿಸಿ ಬಾಯಿಗೆ ಹಾಕುವವರು ನಿನ್ನ ಬಾಗಿಲಲ್ಲೇ ನಿಂತಿರುತ್ತಾರೆ. ಬಾಯಿ ತೆರೆಸಿ, ಅವರದೇ ಮೂರು ಬೆರಳು ಮೇಲೆ-ಕೆಳಗಿನ ಹಲ್ಲುಗಳ ನಡುವೆ ಹೋಗುತ್ತವೆಯೇ ನೋಡು. ಎರಡೇ ಬೆರಳು ಹೋದರೆ, ಕೆನ್ನೆಯ ಒಳಗೆ ಬೆರಳಾಡಿಸಿದಾಗ ಬಿಗಿದ ಪಟ್ಟಿಗಳು ಸಿಕ್ಕರೆ, ಅಂಗುಳ ಬಿಳಚಿಕೊಂಡಿದ್ದರೆ ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಎಲುಬು ಎಷ್ಟೇ ಚೆನ್ನಾಗಿರಲಿ, ಹಿಂದಿನ ಹಲ್ಲಿಗೆ ಡ್ರಿಲ್ ನೇರ ಹಿಡಿಯಲು ಜಾಗವಿಲ್ಲ. ನಾಳೆ ಬ್ರಷ್ ಹೋಗಲೂ ಜಾಗವಿಲ್ಲ. ಅದಕ್ಕಿಂತ ದೊಡ್ಡ ಮಾತು, ಇದು ಕ್ಯಾನ್ಸರಿನ ದಾರಿ. ಅವನು ಕೇಳಲು ಬಂದದ್ದು ಹಲ್ಲು, ನೀನು ಮೊದಲು ಬಿಡಿಸಬೇಕಾದದ್ದು ಚೀಟಿ.

2021ರ ಬೇಸಿಗೆ ನೆನಪಿದೆಯಲ್ಲ? ಕೋವಿಡ್ ಎರಡನೇ ಅಲೆಯ ಬೆನ್ನಿಗೇ ಕಪ್ಪು ಶಿಲೀಂಧ್ರ ಬಂತು. ನಮ್ಮ ಭಾಗದವರಿಗೆ ಚಿಕಿತ್ಸೆಗೆಂದು ಕಲಬುರಗಿಯ ಜಿಮ್ಸ್ ಆಸ್ಪತ್ರೆಯನ್ನು ಗೊತ್ತುಮಾಡಿದ್ದರು. ಶುಗರ್ ಏರಿದವರಲ್ಲಿ, ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಆ ಶಿಲೀಂಧ್ರ ರಕ್ತನಾಳಗಳನ್ನೇ ಕಟ್ಟಿ ಮೇಲ್ದವಡೆಯ ಎಲುಬನ್ನು ಸಾಯಿಸಿತು. ಜೀವ ಉಳಿಸಲು ಎಷ್ಟೋ ಮಂದಿಯ ಮೇಲ್ದವಡೆಯನ್ನೇ ತೆಗೆಯಬೇಕಾಯಿತು. ಅವರಲ್ಲಿ ಬದುಕುಳಿದವರು ಹಳ್ಳಿಗಳಲ್ಲಿದ್ದಾರೆ. ಮಾತು ಮೂಗಿನಲ್ಲಿ ಬರುತ್ತದೆ, ಕುಡಿದ ನೀರು ಮೂಗಿನಿಂದ ಇಳಿಯುತ್ತದೆ, ನಾಲ್ಕು ಜನರ ಎದುರು ಊಟಕ್ಕೆ ಕೂರುವುದಿಲ್ಲ. ಅಂಥವರು ಬಂದರೆ ಮೊದಲು ತೂತು ಮುಚ್ಚುವ ತಟ್ಟೆಯ ಸೆಟ್ ಕೊಡಿಸುವ ಏರ್ಪಾಡು ಮಾಡು. ಅದರಿಂದಲೇ ಅರ್ಧ ಬದುಕು ತಿರುಗಿ ಬರುತ್ತದೆ. ಆಮೇಲೆ, ರೋಗ ಪೂರ್ತಿ ಹೋಗಿದೆ ಎಂದು ಶಸ್ತ್ರಚಿಕಿತ್ಸಕರು ಸ್ಕ್ಯಾನ್ ನೋಡಿ ಹೇಳಿ, ಶುಗರ್ ಹಿಡಿತಕ್ಕೆ ಬಂದ ಮೇಲೆ, ಕೆನ್ನೆಯ ಎಲುಬಿಗೆ ಇಂಪ್ಲಾಂಟ್ ಹಾಕಿ ಹಲ್ಲು ನಿಲ್ಲಿಸುವ ದಾರಿ ಅವರಿಗಿದೆ. ಈ ದಾರಿ ಇದೆ ಎಂಬುದೇ ಅವರಲ್ಲಿ ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ಎಕ್ಸ್‌ರೇಯಲ್ಲಿ ಎಲುಬು ಇದ್ದೂ ಅದು ಎಲುಬಲ್ಲದಿರಬಹುದು. ನಡುವಯಸ್ಸಿನ ಹೆಂಗಸಿನ ಕೆಳದವಡೆಯಲ್ಲಿ ಎರಡೂ ಕಡೆ ಬೆಳ್ಳಗೆ ಗಂಟುಗಂಟಾಗಿ ಕಂಡು, ನೋವಿಲ್ಲ, ಊತವಿಲ್ಲ ಎಂದರೆ ಅದು ಸಿಮೆಂಟೋ-ಆಸಿಯಸ್ ಡಿಸ್‌ಪ್ಲೇಷಿಯಾ ಇರಬಹುದು. ಗಟ್ಟಿ ಎಂದು ಖುಷಿಪಡಬೇಡ. ಅಲ್ಲಿ ರಕ್ತಸಂಚಾರ ತೀರ ಕಡಿಮೆ, ಕೊರೆದರೆ ಕೀವು ತುಂಬಿ ತಿಂಗಳುಗಟ್ಟಲೆ ಕಾಡುತ್ತದೆ. ಸುಮ್ಮನೆ ಬಿಟ್ಟರೆ ಅದೂ ಸುಮ್ಮನಿರುತ್ತದೆ. ಬೆಳ್ಳಗಲ್ಲದೆ ಕಪ್ಪಗೆ, ಗೂಡುಗೂಡಾಗಿ, ಹಿಂದಿನ ದವಡೆಯಲ್ಲಿ ಹಿಗ್ಗಿ ಕಂಡರೆ ಅಮೆಲೊಬ್ಲಾಸ್ಟೋಮಾ ಇದ್ದೀತು. ಬಯಾಪ್ಸಿ ಮಾಡಿಸದೆ ಮುಂದೆ ಹೆಜ್ಜೆ ಇಡಬೇಡ. ಆ ಗಡ್ಡೆಗೆ ದವಡೆಯ ತುಂಡನ್ನೇ ತೆಗೆದರೂ ಬಾಗಿಲು ಮುಚ್ಚಿದಂತಲ್ಲ. 1989ರಲ್ಲಿ ಅಮೆರಿಕದ ಡೇವಿಡ್ ಹಿಡಾಲ್ಗೊ ಮೊಣಕಾಲ ಕೆಳಗಿನ ಸಣ್ಣ ಎಲುಬನ್ನು ರಕ್ತನಾಳದ ಸಮೇತ ತೆಗೆದು ಕೆಳದವಡೆ ಕಟ್ಟುವುದನ್ನು ತೋರಿಸಿಕೊಟ್ಟರು. ಇಂದು ಆ ಎಲುಬಿನಲ್ಲೇ ಇಂಪ್ಲಾಂಟ್ ನಿಲ್ಲುತ್ತದೆ.

ಮಕ್ಕಳ ವಿಷಯ ಬೇರೆಯೇ. ನಾಲ್ಕಾರು ಚೂಪು ಹಲ್ಲು, ತೆಳುಗೂದಲು, ಒಣಗಿದ ಚರ್ಮದ ಹುಡುಗನನ್ನು ತಾಯಿ ಕರೆತಂದರೆ "ಬೇಸಿಗ್ಯಾಗ ಬೆವರ್ತಾನೇನವ್ವ?" ಎಂದು ಕೇಳು. ಬೆವರುವುದಿಲ್ಲ, ಮೈಗೆ ಒದ್ದೆ ಬಟ್ಟೆ ಸುತ್ತಿಯೇ ಶಾಲೆಗೆ ಕಳಿಸುತ್ತೇನೆ ಎಂದರೆ ಅದು ಎಕ್ಟೋಡರ್ಮಲ್ ಡಿಸ್‌ಪ್ಲೇಷಿಯಾ. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಆ ಮಗುವಿಗೆ ಹಲ್ಲಿಗಿಂತ ದೊಡ್ಡ ಅಪಾಯ ಝಳ. ಅದನ್ನು ಮೊದಲು ಹೇಳು, ಮಕ್ಕಳ ಡಾಕ್ಟರ ಬಳಿ ಕಳಿಸು. ಇಂಪ್ಲಾಂಟ್ ಎಲುಬಿಗೆ ಕಚ್ಚಿ ನಿಲ್ಲುತ್ತದೆ, ದವಡೆ ಬೆಳೆದರೆ ಅದು ಜೊತೆಗೆ ಬರುವುದಿಲ್ಲ, ಒಸಡಿನೊಳಗೆ ಹೂತುಹೋಗುತ್ತದೆ. ಆದ್ದರಿಂದ ಬೆಳವಣಿಗೆ ಮುಗಿಯುವತನಕ, ಎರಡು-ಮೂರು ವರ್ಷಕ್ಕೊಮ್ಮೆ ಬದಲಿಸುವ ಸಣ್ಣ ಸೆಟ್ಟೇ ಸರಿ. ಹುಡುಗರನ್ನು ಹುಡುಗಿಯರಿಗಿಂತ ಹೆಚ್ಚು ಕಾಯಿಸಬೇಕು. ಹಲ್ಲೇ ಇಲ್ಲದ ಕೆಳದವಡೆಯ ಮುಂಭಾಗದಲ್ಲಿ ಮಾತ್ರ ಬೇಗ ಹಾಕುವುದುಂಟು, ಅದನ್ನೂ ದೊಡ್ಡ ಕೇಂದ್ರದವರೇ ನಿರ್ಧರಿಸಲಿ.

ಶುಗರ್ ಬಹಳ ಜನರಿಗೆ ಇದೆ ಎಂದು ಅದನ್ನು ಹಗುರವಾಗಿ ಕಾಣಬೇಡ. ಬೆಳಗಿನ ಒಂದು ರೀಡಿಂಗ್ ಸಾಲದು, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ನೋಡು. 7ರ ಆಸುಪಾಸಿದ್ದರೆ ನಡೆ, 8 ದಾಟಿದ್ದರೆ ಮುಂದೂಡು. ಯಾರೂ ಇಂಪ್ಲಾಂಟ್ ಇಲ್ಲದೆ ಮೂರು ತಿಂಗಳಲ್ಲಿ ಸಾಯುವುದಿಲ್ಲ.

ರೊಕ್ಕದ ಮಾತು ಮೊದಲ ದಿನವೇ ಪೂರ್ತಿ ಆಡು. ಸ್ಕ್ಯಾನ್, ಎಲುಬಿನ ಪುಡಿ, ಇಂಪ್ಲಾಂಟ್, ಮೇಲಿನ ಕ್ಯಾಪ್, ಇಷ್ಟೂ ಸೇರಿ ಎಷ್ಟು, ಎಷ್ಟು ತಿಂಗಳು, ಸೋತರೆ ಮುಂದೇನು ಎಂದು ಕಾಗದದ ಮೇಲೆ ಕನ್ನಡದಲ್ಲಿ ಬರೆದುಕೊಡು. ಇಂಪ್ಲಾಂಟಿನ ಕಂಪನಿ, ಅಳತೆ ಇರುವ ಸ್ಟಿಕ್ಕರನ್ನು ಅವರ ಕಾರ್ಡಿಗೆ ಅಂಟಿಸು. ನಾಳೆ ಅವರು ಪುಣೆಯಲ್ಲೋ ಮುಂಬೈಯಲ್ಲೋ ಕೂಲಿಗೆ ಹೋದಲ್ಲಿ ಸ್ಕ್ರೂ ಸಡಿಲಾದರೆ ಅಲ್ಲಿಯ ಡಾಕ್ಟರಿಗೆ ಯಾವ ಸ್ಕ್ರೂಡ್ರೈವರ್ ಎಂದು ತಿಳಿಯಬೇಕಲ್ಲ. ಇಂಪ್ಲಾಂಟ್ ಹಾಕಿದ ಮೇಲಿನ ಪಥ್ಯದ ಮಾತೂ ಊರಿನ ಊಟದಲ್ಲೇ ಇರಲಿ: ಕಡಕ್ ರೊಟ್ಟಿ, ಶೇಂಗಾ, ಹುರಿಗಡಲೆ ಬೇಡ. ಮೆತ್ತನೆ ಅನ್ನ, ಜೋಳದ ಅಂಬಲಿ, ತಣ್ಣನೆ ಮಜ್ಜಿಗೆ ಆಗಬಹುದು. ಶುಗರ್ ಇಲ್ಲದವರಿಗೆ ನಿಮ್ಮೂರಿನ ಕೆಂಪು ಬಾಳೆಹಣ್ಣೂ ಇದೆ.

ಕಡೆಗೆ ಒಂದು ಕಟ್ಟುನಿಟ್ಟಿನ ನಿಯಮ ಹಾಕಿಕೋ. ಇಂಪ್ಲಾಂಟ್ ಎಂದು ಬಂದ ಪ್ರತಿಯೊಬ್ಬರ ಕೇಸ್ ಪೇಪರಿನ ಮೊದಲ ಸಾಲಿನಲ್ಲಿ 'ಎಲುಬು ಕಡಿಮೆಯಾಗಲು ಕಾರಣ' ಎಂದು ಅಚ್ಚು ಹಾಕಿಸು, ಅಳತೆಗಳು ಅದರ ಕೆಳಗೆ ಬರಲಿ. ಆ ಸಾಲು ತುಂಬಿದವರಲ್ಲಿ ನಿನ್ನ ಕೈಗೆ ಆಗುವುದನ್ನು ಕಮಲಾಪುರದಲ್ಲಿ ಮಾಡು, ಆಗದ್ದನ್ನು ಕಲಬುರಗಿಗೆ ಕಳಿಸು. ಕಳಿಸಿದವರ ಹೊಲಿಗೆ ಬಿಚ್ಚುವುದು, ಸ್ವಚ್ಛ ಮಾಡುವುದು, ಆರು ತಿಂಗಳಿಗೊಮ್ಮೆ ನೋಡುವುದು ನಿನ್ನಲ್ಲೇ ಆಗಲಿ. ಒಂದು ತಾಸಿನ ಬಸ್ ದಾರಿ ಅವರಿಗೆ ಉಳಿಯುತ್ತದೆ, ಜನವೂ ನಿನ್ನವರಾಗಿಯೇ ಉಳಿಯುತ್ತಾರೆ. ಸಾಲು ಖಾಲಿಯಿದ್ದ ದಿನ ಮಾತ್ರ, ಯಾರು ಎಷ್ಟೇ ಅವಸರ ಮಾಡಲಿ, ಕಿಟ್ ಬಿಚ್ಚಬೇಡ.